ಬಾಗಿಲು ತೆರೆಯದ ಹೆಬ್ಬೆಟ್ಟು

ಮಾರ್ಚ್ ಒಂಬತ್ತು, ಭಾನುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಬೈಂಡರ್ ತನ್ನ ಬಲಗೈಯನ್ನು ಮಣಿಕಟ್ಟಿನವರೆಗೆ ಒಂದು ಪ್ಲಾಸ್ಟಿಕ್ ಚೀಲದೊಳಗೆ ತೂರಿಸಿ, ಚೀಲದ ಬಾಯಿಗೆ ರಬ್ಬರ್ ಬ್ಯಾಂಡ್ ಬಿಗಿದುಕೊಂಡು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದ. ಚೀಲದೊಳಗೆ ಲೋಳೆಸರದ ತಿರುಳು, ತುರಿದ ಸೌತೆಕಾಯಿ ಮತ್ತು ಒಂದು ಚಮಚ ಜೇನುತುಪ್ಪವಿತ್ತು. ಎಡಗೈಯ ಸರದಿ ಮರುದಿನ. ಎರಡೂ ಕೈ ಒಮ್ಮೆಗೇ ಚೀಲಕ್ಕೆ ಹೋದರೆ ಕಾಫಿ ಲೋಟ ಹಿಡಿಯುವವರು ಯಾರು?

ಇದಕ್ಕೆಲ್ಲ ಕಾರಣ ಒಂದು ಕೈಕುಲುಕು. ಅವನು ಕೆಲಸ ಮಾಡುವ ಬೈಂಡಿಂಗ್ ಅಂಗಡಿಯ ವಾರ್ಷಿಕ ಸಮಾರಂಭಕ್ಕೆ ಬಂದಿದ್ದ ಅತಿಥಿಯೊಬ್ಬರು ಅವನ ಕೈ ಕುಲುಕಿ "ಬಹಳ ಸಂತೋಷ" ಎಂದರು. ಆಮೇಲೆ ತಮ್ಮ ಅಂಗೈ ತಿರುಗಿಸಿ ಎಲ್ಲಾದರೂ ತರಚಿದೆಯೇ ಎಂದು ನೋಡಿಕೊಂಡರು. ಅವರ ತಪ್ಪೇನೂ ಇರಲಿಲ್ಲ. ಕಾಗದ ಬಲು ಬಾಯಾರಿಕೆಯ ವಸ್ತು, ಮುಟ್ಟಿದ ಬೆರಳಿನಿಂದ ನೀರನ್ನೂ ಎಣ್ಣೆಯನ್ನೂ ಒಂದೇ ಸಮ ಹೀರಿಕೊಳ್ಳುತ್ತದೆ. ಇಷ್ಟು ವರ್ಷ ಹಳೆಯ ದಫ್ತರಗಳಿಗೆ ರಟ್ಟು ಕಟ್ಟುತ್ತ ಬಂದವನ ಕೈ ಉಜ್ಜುಕಾಗದದಂತೆ ಆಗದಿದ್ದರೆ ಅದೇ ಆಶ್ಚರ್ಯ. ಆದರೆ ಅದು ನಮ್ಮ ಬೈಂಡರನ ಮನಸ್ಸಿಗೆ ನಾಟಿತು. ಬೀದಿಯ ಕೊನೆಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದ ಮೇಡಂ ಮುಂದೆ ಹೋಗಿ ಎರಡೂ ಕೈ ಚಾಚಿದ.

"ಅಣ್ಣಾ, ನಿಮಗೆ ನೀರಂಶಾನೂ ಇಲ್ಲ, ಪಸೆನೂ ಇಲ್ಲ," ಎಂದರು ಪಾರ್ಲರ್ ಮೇಡಂ. "ಎರಡೂ ಒಂದೇ ಅಂದ್ಕೋಬೇಡಿ. ನೀರಂಶ ಅಂದ್ರೆ ಚರ್ಮದೊಳಗೆ ನೀರು ತುಂಬೋದು. ಪಸೆ ಅಂದ್ರೆ ಆ ನೀರು ಆರಿ ಹೋಗದ ಹಾಗೆ ಮೇಲೊಂದು ಎಣ್ಣೆ ಹೊದಿಕೆ ಹಾಕೋದು. ಬರೀ ನೀರು ಹಾಕಿದ್ರೆ ಗಳಿಗೇಲಿ ಆರಿಹೋಗುತ್ತೆ. ಬರೀ ಎಣ್ಣೆ ಹಾಕಿದ್ರೆ ಒಳಗೆ ಒಣಗಿದ್ದು ಒಣಗೇ ಇರುತ್ತೆ. ಮೊದಲು ಅದು, ಆಮೇಲೆ ಇದು. ಎರಡರದ್ದೂ ತೂಕ ಸರಿ ಇರ್ಬೇಕು."

ವಿಜ್ಞಾನದ ದೃಷ್ಟಿಯಿಂದ ಈ ಮಾತಿನಲ್ಲಿ ಒಂದಿಷ್ಟೂ ತಪ್ಪಿಲ್ಲ. ತೊಂದರೆಯಿದ್ದದ್ದು ಕೇಳಿಸಿಕೊಂಡವನಲ್ಲಿ. ಅರ್ಧ ಸತ್ಯ ತಿಳಿದವನನ್ನು ಹೇಗೋ ಸಹಿಸಬಹುದು, ಪೂರ್ತಿ ಸತ್ಯ ನಿನ್ನೆಯಷ್ಟೇ ತಿಳಿದವನನ್ನು ಮನೆಯಲ್ಲಿಟ್ಟುಕೊಳ್ಳುವುದು ಕಷ್ಟ. ಅವನು ಹೆಂಡತಿಯ ಮೊಣಕೈ ನೋಡಿ "ಪಸೆ ಸಾಲದು" ಎಂದ. ಪೋಸ್ಟ್‌ಮ್ಯಾನನ ಮೂಗು ನೋಡಿ "ನೀರಂಶ ಸಾಲದು" ಎಂದ. ಹಿಂದಿನ ಕೋಣೆಯಲ್ಲಿದ್ದ ಅವನ ಅಕ್ಕನ ಕಾಲುಗಳು ಒಂದು ತಿಂಗಳಿಂದ ಊದಿಕೊಂಡಿದ್ದವು. ಬೆರಳಿಟ್ಟರೆ ಗುಳಿ ಬೀಳುತ್ತಿತ್ತು, ಆದರೆ ಚರ್ಮ ಮಾತ್ರ ಬಿರಿದು ಹೊಟ್ಟು ಏಳುತ್ತಿತ್ತು. ಅವನು ಆ ಗುಳಿಯನ್ನು ಪರೀಕ್ಷಿಸಿ, "ಅಕ್ಕ, ನಿನಗೆ ನೀರಂಶ ಭರ್ಜರಿಯಾಗಿದೆ. ಬರೀ ಪಸೆ ಕಡಿಮೆ," ಎಂದು ಅಭಿನಂದಿಸಿದ.

"ನಿನ್ನ ತಲೆಗೂ ಸ್ವಲ್ಪ ನೀರು ಹಾಕ್ಕೊಳ್ಳೋ," ಎಂದಳು ಅಕ್ಕ. "ಒಳಗೆ ಏನಾದ್ರೂ ಮೊಳೆತೀತು."

ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು ಅವಳು. ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದ್ದರಿಂದ ಅವನ ಬುದ್ಧಿಯ ಬಗ್ಗೆ ಅವಳಿಗೆ ಯಾವ ಭ್ರಮೆಯೂ ಇರಲಿಲ್ಲ. ಆ ಭಾನುವಾರ ಅವನ ಚೀಲದ ಅವಧಿ ಮುಗಿಯುವ ಮೊದಲೇ ಹಿಂದಿನ ಕೋಣೆಯಲ್ಲಿ ಏನೋ ಧೊಪ್ಪೆಂದಿತು. ಹೆಂಡತಿ ಕೂಗಿಕೊಂಡಳು. ಅಕ್ಕ ಮಂಚದ ಪಕ್ಕ ನೆಲದ ಮೇಲೆ ಬಿದ್ದು ಉಸಿರಿಗಾಗಿ ಒದ್ದಾಡುತ್ತಿದ್ದಳು.

ಆಸ್ಪತ್ರೆಯ ದಾಖಲಾತಿ ಕೌಂಟರಿನಲ್ಲಿ ಕಂಪ್ಯೂಟರಿನವನು ತಲೆ ಎತ್ತದೆ ಹೆಸರು, ವಯಸ್ಸು, ಸಂಬಂಧ ಕೇಳಿದ. ಕೊನೆಗೆ ಗಾಜಿನ ಕಣ್ಣಿದ್ದ ಪುಟ್ಟ ಯಂತ್ರವೊಂದನ್ನು ಮುಂದೆ ತಳ್ಳಿ, "ರೋಗಿ ಕಡೆಯವರು ಹೆಬ್ಬೆಟ್ಟು ಇಡಿ," ಎಂದ. ನಮ್ಮ ಬೈಂಡರ್ ಹಸಿರು ಚೀಲದ ಕೈಯನ್ನು ಲಾಟೀನಿನಂತೆ ಮೇಲೆತ್ತಿ ಹಿಡಿದು, ಅಳುತ್ತ ಹೆಬ್ಬೆಟ್ಟು ಒತ್ತಿದ. ಯಂತ್ರ ಟಿಣ್ ಎಂದಿತು.

ಅಷ್ಟರಲ್ಲಿ ತುರ್ತು ವಿಭಾಗದ ಆಯಾ ಆ ಚೀಲವನ್ನು ನೋಡಿದಳು. ಅದರೊಳಗೆ ಲೋಳೆಯಾಗಿ ಇಳಿಯುತ್ತಿದ್ದ ಹಸಿರನ್ನೂ ನೋಡಿದಳು.

"ಅಯ್ಯಯ್ಯೋ, ಕೈ ಕೊಳೆತು ಹೋಗಿದೆ! ಬನ್ರೋ!"

ಇಬ್ಬರು ಬಂದು ಅವನನ್ನು ಸ್ಟ್ರೆಚರಿನ ಮೇಲೆ ಕೆಡವಿದರು. ಅವನು "ನನಗಲ್ಲ, ನಮ್ಮಕ್ಕನಿಗೆ!" ಎಂದು ಒದರಿದ.

"ಮೊದಲು ಎಲ್ಲರೂ ಹಾಗೇ ಅಂತಾರೆ," ಎಂದು ಆಯಾ ಅವನ ಎದೆಯ ಮೇಲೆ ಕೈಯಿಟ್ಟು ಮಲಗಿಸಿದಳು. "ಹೆದರ್ಬೇಡಿ. ಒಂದೇ ಕೈ ಹೋಗೋದು."

ಡ್ರೆಸ್ಸಿಂಗ್ ಮಾಡುವವನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಚೀಲ ಕತ್ತರಿಸಿದ, ಬಗ್ಗಿದ, ಬಟ್ಟೆ ಸರಿಸಿ ಮೂಸಿದ.

"ಇದರಲ್ಲಿ ಸೌತೆಕಾಯಿ ಇದೆ," ಎಂದ.

"ಉಪ್ಪು ಖಾರ ಹಾಕಿದಾರಾ?" ಎಂದು ಪಕ್ಕದ ಹಾಸಿಗೆಯಿಂದ ಯಾರೋ ಕೇಳಿದರು. ಎಲ್ಲರೂ ನಕ್ಕರು. ಕೈ ತೊಳೆದು, ಒರೆಸಿ, ಬೈದು ಕಳುಹಿಸುವ ಹೊತ್ತಿಗೆ ಅಕ್ಕನನ್ನು ಐಸಿಯುವಿನ ಗಾಜಿನ ಬಾಗಿಲಿನಾಚೆ ಒಯ್ದಾಗಿತ್ತು.

ಆ ಬಾಗಿಲಿಗೊಂದು ಪದ್ಧತಿಯಿತ್ತು. ಹಿಂದೆ ಯಾವನೋ ಅಳಿಯ ತಾನೇ ಮಗನೆಂದು ಹೇಳಿಕೊಂಡು ಒಳಹೊಕ್ಕು, ಪ್ರಜ್ಞೆಯಿಲ್ಲದ ಮಾವನ ಕೈ ಹಿಡಿದು ಉಯಿಲು ಬರೆಸಿಕೊಂಡಿದ್ದನಂತೆ. ಅಂದಿನಿಂದ ಒಬ್ಬ ರೋಗಿಗೆ ಒಬ್ಬನೇ ಸಂಬಂಧಿ, ಅವನಿಗೆ ಒಂದೇ ಹೆಬ್ಬೆಟ್ಟು. ಬಾಗಿಲ ಪಕ್ಕದ ಯಂತ್ರ ಅದನ್ನು ಗುರುತಿಸಿದರೆ ಕದ ತೆರೆಯುತ್ತದೆ, ಇಲ್ಲದಿದ್ದರೆ ಒಳಗಿನವರೂ ತೆರೆದುಕೊಡುವಂತಿಲ್ಲ. ಮೊಬೈಲ್ ಒಳಗೆ ಒಯ್ಯುವಂತಿಲ್ಲ. ಔಷಧಿ ಕೊಡಲು ಗೋಡೆಯಲ್ಲೊಂದು ಕಿಂಡಿಯಿತ್ತು, ಆದರೆ ಅದರಲ್ಲಿ ಮನುಷ್ಯ ಹಿಡಿಸುತ್ತಿರಲಿಲ್ಲ.

ಸಂಜೆ ಭೇಟಿಯ ಹೊತ್ತಿಗೆ ನಮ್ಮ ಬೈಂಡರ್ ಬಲಗೈ ಹೆಬ್ಬೆಟ್ಟನ್ನು ಗಾಜಿನ ಮೇಲಿಟ್ಟ. ಕೆಂಪು ದೀಪ. ಉಸಿರು ಬಿಟ್ಟು ಮತ್ತೆ ಇಟ್ಟ. ಕೆಂಪು ದೀಪ. ಅಂಗಿಗೆ ಒರೆಸಿ ಇಟ್ಟ, ಓರೆಯಾಗಿ ಇಟ್ಟ, ಕಣ್ಣು ಮುಚ್ಚಿಕೊಂಡು ಇಟ್ಟ. 'ಹೊಂದಿಕೆಯಾಗುತ್ತಿಲ್ಲ' ಎಂದು ಯಂತ್ರ ಹೆಣ್ಣು ದನಿಯಲ್ಲಿ ಸಮಾಧಾನವಾಗಿ ಹೇಳಿತು.

"ನಾನು ಬೆಳಿಗ್ಗೆ ಬಂದವನೇ ಕಣಪ್ಪ, ಹಸಿರು ಕೈ!" ಎಂದ ಅವನು ಕಾವಲುಗಾರನಿಗೆ.

"ನನಗೆ ನೀವು ಗೊತ್ತು ಸಾರ್. ಅದಕ್ಕೆ ಗೊತ್ತಿಲ್ಲ," ಎಂದು ಕಾವಲುಗಾರ ಯಂತ್ರದ ಕಡೆ ಗದ್ದ ಎತ್ತಿ ತೋರಿಸಿದ.

ಕೌಂಟರಿಗೆ ಓಡಿದ್ದಾಯಿತು. ಕಂಪ್ಯೂಟರಿನವನು ಈಗ ಮೊದಲ ಬಾರಿ ತಲೆ ಎತ್ತಿ, ಅವನ ಹೆಬ್ಬೆರಳನ್ನು ತಿರುಗಿಸಿ ನೋಡಿ, "ಚರ್ಮ ಡ್ರೈ ಆಗಿದೆ ಸಾರ್. ಗೆರೆ ಸಿಗ್ತಿಲ್ಲ. ಸ್ವಲ್ಪ ಪಸೆ ಮಾಡ್ಕೊಂಡು ಬನ್ನಿ," ಎಂದ.

ಜಗತ್ತಿನಲ್ಲಿ ಬೇರೆ ಯಾರಿಗೆ ಈ ಮಾತು ಹೇಳಿದ್ದರೂ ಅಪಾಯವಿರಲಿಲ್ಲ.

"ನನ್ನ ಬದಲು ನನ್ನ ಹೆಂಡ್ತಿ ಹೆಬ್ಬೆಟ್ಟು ತಗೊಳ್ಳಿ."

"ತಗೋಬಹುದು. ಬದಲಾಯಿಸೋಕೆ ಮೊದಲು ನೋಂದಾಯಿಸಿದವರು ಒಪ್ಪಿಗೆ ಕೊಡ್ಬೇಕು."

"ಕೊಟ್ಟೆ."

"ಹೆಬ್ಬೆಟ್ಟಿನಲ್ಲಿ ಕೊಡ್ಬೇಕು."

ಅಷ್ಟರಲ್ಲಿ ಕಿಂಡಿಯಿಂದ ಕರೆ ಬಂತು. ಒಳಗಿನ ನರ್ಸ್ ಬಾಗಿ ಹೇಳಿದರು. ಅಕ್ಕನ ಮೂತ್ರಪಿಂಡಗಳು ನಿಂತುಹೋಗಿವೆ. ಕುಡಿದ ನೀರೆಲ್ಲ ಹೊರಗೆ ಹೋಗದೆ ಮೈಯಲ್ಲೇ ತುಂಬಿ ಈಗ ಶ್ವಾಸಕೋಶಕ್ಕೆ ಏರುತ್ತಿದೆ. ಡಯಾಲಿಸಿಸ್ ಹಾಕಿ ಆ ನೀರನ್ನು ಸೆಳೆಯಬೇಕು. ಡಾಕ್ಟರ್ ನಾಳೆಯೇ ಶುರು ಮಾಡೋಣ ಅಂತಾರೆ, ರೋಗಿ ಬೇಡ ಅಂತಾರೆ. ಪ್ರಜ್ಞೆ ಇರುವ ರೋಗಿ ಬೇಡ ಎಂದರೆ ಹಾಕುವ ಹಾಗಿಲ್ಲ.

"ಯಾಕಂತೆ ಬೇಡ?"

"ಅವರ ಯಜಮಾನರು ಆ ಡಯಾಲಿಸಿಸ್ ಯಂತ್ರದ ಮೇಲೇ ತೀರಿಕೊಂಡ್ರಂತೆ. 'ನನ್ನ ತಮ್ಮ ಬರಲಿ. ಅವನಿಗೆ ಸುಳ್ಳು ಹೇಳೋಕೆ ಬರಲ್ಲ. ಅವನು ನನ್ನ ಮುಖ ನೋಡಿ ಹಾಕಿಸ್ಕೋ ಅಂದ್ರೆ ಹಾಕಿಸ್ಕೋತೀನಿ' ಅಂತಾರೆ. ನೀವು ಒಳಗೆ ಬಂದು ಒಂದು ಮಾತು ಹೇಳಿಬಿಡಿ. ಯಾಕೆ ಅಲ್ಲೇ ನಿಂತಿದೀರಾ?"

ಅವನು ತನ್ನ ಹೆಬ್ಬೆಟ್ಟನ್ನು ಕಿಂಡಿಯಲ್ಲಿ ತೂರಿಸಿ ತೋರಿಸಿದ. ನರ್ಸ್ ಅದನ್ನು ನೋಡಿದರು. ಅದರಿಂದ ಏನು ತಿಳಿದುಕೊಳ್ಳಬೇಕೋ ಅವರಿಗೆ ಗೊತ್ತಾಗಲಿಲ್ಲ.

ಮನೆಯಲ್ಲಿ ಆಗಲೇ ಎರಡು ಪಕ್ಷಗಳಾಗಿದ್ದವು. ಸುದ್ದಿ ತಿಳಿದು ಬಂದಿಳಿದಿದ್ದ ಸೋದರತ್ತೆ ಕೈಯಲ್ಲಿ ಹರಳೆಣ್ಣೆ ಬಾಟಲಿ ಹಿಡಿದೇ ಒಳಗೆ ಕಾಲಿಟ್ಟಳು. ಹೆಂಡತಿ ನೀರಿನ ಪಕ್ಷ.

"ಬಕೆಟ್ಟಲ್ಲಿ ಕೈ ಅದ್ದಿ ಕೂತ್ಕೊಳ್ಳಿ ರೀ. ನೀರು ಒಳಗೆ ಇಳೀಲಿ."

"ನೀರು ಹಾಕಿದ್ರೆ ಚರ್ಮ ಉದುರುತ್ತೆ ಕಣೇ. ಲೋ, ಇಲ್ಲಿ ಕೊಡೋ ಬೆರಳು. ನಿಮ್ಮಪ್ಪನ ಹಿಮ್ಮಡಿ ಸರಿ ಮಾಡಿದ ಎಣ್ಣೆ ಇದು."

"ಅವರಪ್ಪನ ಹಿಮ್ಮಡೀಲಿ ಯಾರೂ ಬಾಗಿಲು ತೆಗೀತಿರಲಿಲ್ಲ ಅತ್ತೆ!"

ನಮ್ಮ ಬೈಂಡರ್ ನ್ಯಾಯವಂತ. ಸೋಮವಾರ ಬೆಳಿಗ್ಗೆ ನೀರಿಗೆ ಕೊಟ್ಟ, ಸಂಜೆ ಎಣ್ಣೆಗೆ ಕೊಟ್ಟ. ಬೆಳಗಿನ ಭೇಟಿಯ ಹೊತ್ತಿಗೆ ಅವನ ಹೆಬ್ಬೆರಳು ನೆನೆದು ಸುಕ್ಕಾಗಿ, ಹುಟ್ಟಿನಿಂದ ಬಂದ ಗೆರೆಗಳ ಮೇಲೆ ಮಡಿಕೆಗಳ ಹೊಸ ಗೆರೆಗಳು ಎದ್ದಿದ್ದವು. ಯಂತ್ರ ಅವನನ್ನು ಇನ್ನಷ್ಟು ಅಪರಿಚಿತನಂತೆ ನೋಡಿತು. ಸಂಜೆ ಹರಳೆಣ್ಣೆಯ ಹೆಬ್ಬೆಟ್ಟು ಗಾಜಿನ ಮೇಲೆ ಜಾರಿ ಅಂಗುಲದಷ್ಟಗಲ ಜಿಡ್ಡು ಬಳಿದು ಹೋಯಿತು. ಅವನ ಹಿಂದೆ ಸಾಲಿನಲ್ಲಿದ್ದವರ ಹೆಬ್ಬೆಟ್ಟೂ ಹೊಂದಿಕೆಯಾಗಲಿಲ್ಲ. ಗಂಡನನ್ನು ನೋಡಲು ಬಂದವಳು, ಮಗನನ್ನು ನೋಡಲು ಬಂದವನು, ಯಾರನ್ನು ನೋಡಲು ಬಂದೆನೆಂದೇ ಮರೆತ ಒಬ್ಬ ಮುದುಕ, ಎಲ್ಲರೂ ಹೊರಗೇ ಉಳಿದರು.

"ಯಾವನಯ್ಯ ಇಲ್ಲಿ ಒಗ್ಗರಣೆ ಹಾಕಿದೋನು?" ಎಂದು ಮಗನನ್ನು ನೋಡಲು ಬಂದವನು ಕಿರುಚಿದ.

"ಪಸೆ ಜಾಸ್ತಿ ಆಯ್ತು," ಎಂದು ನಮ್ಮ ಬೈಂಡರ್ ವಿವರಿಸಲು ಹೊರಟ. "ಮೊದಲು ನೀರಂಶ ಬೇಕಿತ್ತು..."

ಕಾವಲುಗಾರ ಅವನನ್ನು ಹಿಂದಕ್ಕೆ ಎಳೆದಿದ್ದರಿಂದ ಪೆಟ್ಟು ತಪ್ಪಿತು. ಕಿಂಡಿಯಲ್ಲಿ ನರ್ಸ್ ಅಕ್ಕನ ಮಾತನ್ನು ಒಪ್ಪಿಸಿದರು. ಪಾಪ, ಕೇಳಿದ್ದನ್ನು ಹಾಗೇ ಹೇಳುವ ಸ್ವಭಾವದವರು. "'ಬಾಗಿಲಲ್ಲೇ ಇದೀನಿ ಅಂತ ಹೇಳಿ ಕಳಿಸೋಕೆ ಅವನೇನು ಕದದ ಚಿಲಕಾನಾ? ಬರೋಕೆ ಇಷ್ಟ ಇಲ್ಲ ಅಂದ್ರೆ ಇಷ್ಟ ಇಲ್ಲ ಅನ್ನಲಿ' ಅಂದ್ರು. ಆಮೇಲೆ ನೀರು ಕೇಳಿದ್ರು. ನಾವು ಕೊಡೋ ಹಾಗಿಲ್ಲ. ತುಟಿ ಒಡೆದಿದೆ, ಮೈ ಮಾತ್ರ ತುಂಬ್ಕೊಳ್ತಾನೇ ಇದೆ."

ಮಂಗಳವಾರ ಅವನು ಕೆಲಸಕ್ಕೆ ಹೋಗಲೇಬೇಕಾಯಿತು, ಹರಳೆಣ್ಣೆ ಬಾಟಲಿಯನ್ನೂ ಜೊತೆಗೆ ಒಯ್ದ. ಯಾವುದೋ ಕಚೇರಿಯ ಹಳೆಯ ಕಡತಗಳನ್ನು ಸಂಜೆಯೊಳಗೆ ಕಟ್ಟಿಕೊಡಬೇಕಿತ್ತು. ಮಧ್ಯಾಹ್ನ ಅಂಗಡಿಯ ಯಜಮಾನರು ಒಂದು ಸಂಪುಟ ಬಿಡಿಸಿ ನೋಡಿದರು, ಇನ್ನೊಂದು ಬಿಡಿಸಿದರು, ಆಮೇಲೆ ಕುರ್ಚಿಯಲ್ಲಿ ಕೂತರು. ಪ್ರತಿ ಹಾಳೆಯ ಬಲ ಅಂಚಿನಲ್ಲೂ ಹರಳೆಣ್ಣೆಯ ಒಂದೊಂದು ಹೆಬ್ಬೆಟ್ಟು. ಸುಳಿ, ಕವಲು, ಗಾಯದ ಗುರುತು, ಯಾವುದೂ ತಪ್ಪದೆ ಅಚ್ಚುಕಟ್ಟಾಗಿ ಮೂಡಿತ್ತು.

"ಏನಯ್ಯಾ ಇದು?"

"ನನ್ನ ಹೆಬ್ಬೆಟ್ಟು ಸಾರ್. ಗೆರೆ ಸಿಗ್ತಾ ಇಲ್ಲ ಅಂತಾರೆ."

"ಇನ್ನೇನು ಸಿಗ್ಬೇಕಯ್ಯಾ? ಒಂದು ಹಾಳೆ ಹರ್ಕೊಂಡು ಹೋಗಿ ಅವರ ಮುಖಕ್ಕೆ ಹಿಡಿ! ಅಲ್ಲ, ಬೇಡ, ಹರೀಬೇಡ, ಅದು ಕಚೇರಿದು. ಮನೆಗೆ ಹೋಗು."

ಇಲ್ಲಿ ಯಾರಿಗಾದರೂ ಒಂದು ಅನುಮಾನ ಬರಬೇಕಿತ್ತು. ಗೆರೆಗಳು ಇಷ್ಟು ಚೆನ್ನಾಗಿದ್ದರೆ ದೋಷ ಚರ್ಮದ್ದಲ್ಲ, ಇನ್ನೆಲ್ಲೋ ಇದೆ ಎಂದು. ಪ್ರಯೋಗದ ಫಲ ಎಷ್ಟು ಸ್ಪಷ್ಟವಾಗಿದ್ದರೂ ಅದನ್ನು ಓದುವವನು ಬೇಕು. ನಮ್ಮ ಬೈಂಡರ್ ಓದಿದ್ದು ಹೀಗೆ: ಕಾಗದಕ್ಕೆ ಸಾಕಾದ ಪಸೆ ಗಾಜಿಗೆ ಸಾಲದು.

ಬುಧವಾರ ಪಾರ್ಲರ್ ಮೇಡಂ ತಾವೇ ಬಂದರು. ವಿಷಯ ಬೀದಿಗೆಲ್ಲ ಹಬ್ಬಿತ್ತು. ತಮ್ಮ ವಿದ್ಯೆ ಪಣಕ್ಕೆ ಬಿದ್ದಿದೆಯೆಂದು ಅವರಿಗೆ ಅನ್ನಿಸಿತ್ತು.

"ಮೇಲೆ ಸತ್ತ ಚರ್ಮ ಗೋಡೆ ಕಟ್ಟಿದೆ ಅಣ್ಣಾ. ನೀವು ಏನು ಹಾಕಿದ್ರೂ ಗೋಡೆಗೆ ಹೋಗ್ತಿದೆ, ಮನೆಯೊಳಗೆ ಹೋಗ್ತಿಲ್ಲ. ಮೊದಲು ಉಜ್ಜಬೇಕು."

ಎಣ್ಣೆಗೆ ಸಕ್ಕರೆ ಬೆರೆಸಿ ಉಜ್ಜಿದರು. ಅತ್ತೆ "ಸಕ್ಕರೇಲಿ ಏನಾಗುತ್ತೆ" ಎಂದು ಹಿಮ್ಮಡಿ ತಿಕ್ಕುವ ಕಲ್ಲು ತಂದಳು. ಅವನೂ ಬಲವಾಗಿ ಒತ್ತಿದ. ಚರ್ಮದ ಮೇಲ್ಪದರ ಸತ್ತ ಕೋಶಗಳದ್ದೇ ಹೌದು, ಬೆರಳಿನ ಗುರುತು ಕಾಣುವುದೂ ಅದರ ಮೇಲೆಯೇ. ಕಾವಲುಗಾರರೂ ಕಚೇರಿಗಳೂ ಮನುಷ್ಯನನ್ನು ಗುರುತಿಸುವುದು ಅವನ ಸತ್ತ ಭಾಗದಿಂದ. ಅದನ್ನು ತಿಕ್ಕಿ ತೆಗೆದರೆ ಉಳಿಯುವುದು ರಕ್ತ. ರಕ್ತವೇ ಬಂತು.

ಆ ಸಂಜೆ ನರ್ಸ್ ಕಿಂಡಿಯಲ್ಲಿ ಬಗ್ಗಲೂ ಇಲ್ಲ. ಒಳಗಿನಿಂದಲೇ ಹೇಳಿದರು: "ಇವತ್ತು ನಿಮ್ಮನ್ನ ಕೇಳಲಿಲ್ಲ."

ಗುರುವಾರ ಬೆಳಿಗ್ಗೆ ಅವನ ಹೆಬ್ಬೆರಳು ಊದಿ ಮಿಡಿಯುತ್ತಿತ್ತು. ಐಸಿಯುವಿನ ಬಾಗಿಲಲ್ಲಿ ನಿಂತು ಅದನ್ನು ಯಂತ್ರಕ್ಕೆ ಒತ್ತಿ ಒತ್ತಿ ಗಾಜನ್ನು ಕೆಂಪು ಮಾಡಿದ ಮೇಲೆ, ಕಾವಲುಗಾರ ಅವನ ರಟ್ಟೆ ಹಿಡಿದು ತುರ್ತು ವಿಭಾಗದಲ್ಲಿ ಕೂರಿಸಿ ಬಂದ. ಡ್ರೆಸ್ಸಿಂಗ್ ಮಾಡುವವನು ಅವನನ್ನು ಗುರುತು ಹಿಡಿದ.

"ಓ, ಸೌತೆಕಾಯಿ ಸಾರ್! ಇದೇನು, ಬಲಗೈ ಮೇಲೆ ಇಷ್ಟು ಸಿಟ್ಟು? ಆವತ್ತು ಅದನ್ನೇ ಚೀಲದಲ್ಲಿ ಹಾಕ್ಕೊಂಡಿದ್ರಿ, ಇವತ್ತು ಅದನ್ನೇ ಸುಲ್ಕೊಂಡು ಬಂದಿದೀರಾ. ಕೊಡಿ, ಬ್ಯಾಂಡೇಜ್ ಸುತ್ತೋಣ."

"ಸುತ್ತಬೇಡಪ್ಪ. ಅಕ್ಕನ ಬಾಗಿಲಿಗೆ ಇದೇ ಬೀಗದ ಕೈ."

"ಇದೆಲ್ಲಿ ಬೀಗದ ಕೈ? ಆವತ್ತು ಕೌಂಟರ್ ಹತ್ರದಿಂದ ನಿಮ್ಮನ್ನ ಎತ್ಕೊಂಡು ಬಂದಾಗ ರಬ್ಬರ್ ಬ್ಯಾಂಡು ಬಿಗಿದೇ ಇತ್ತಲ್ಲ. ಕತ್ತರಿಸಿದ್ದು ನಾನೇ."

ನಮ್ಮ ಬೈಂಡರ್ ಬಲಗೈಯನ್ನು ನೋಡಿದ. ಆಮೇಲೆ ನಿಧಾನವಾಗಿ, ಪಕ್ಕದಲ್ಲಿ ಯಾರೋ ಮರೆತು ಹೋದ ಸಾಮಾನನ್ನು ನೋಡುವಂತೆ, ಎಡಗೈಯನ್ನು ನೋಡಿದ. ಭಾನುವಾರದಿಂದ ಅದಕ್ಕೆ ಯಾರೂ ಏನೂ ಹಚ್ಚಿರಲಿಲ್ಲ. ಎಂದಿನಂತೆ ಒರಟಾಗಿ, ಒಣಗಿ, ಬಿರಿದು ಕೂತಿತ್ತು.

ಯಂತ್ರ ಮೊದಲ ಸಲಕ್ಕೇ ಟಿಣ್ ಎಂದಿತು. 'ದಯವಿಟ್ಟು ಒಳಗೆ ಬನ್ನಿ' ಎಂದಿತು ಅದೇ ಹೆಣ್ಣು ದನಿ. ಕಾವಲುಗಾರ ಎದ್ದು ನಿಂತ. ಸಾಲಿನಲ್ಲಿದ್ದ ಒಬ್ಬರು ಚಪ್ಪಾಳೆ ತಟ್ಟಿ, ಅವನ ಮುಖ ನೋಡಿ ನಿಲ್ಲಿಸಿದರು.

ಒಳಗೆ ಡಾಕ್ಟರ್ ಅವನನ್ನು ಗೋಡೆಯ ಪಕ್ಕಕ್ಕೆ ಕರೆದರು. "ಸೋಮವಾರ ಆಗಿದ್ರೆ ನಾನು ಧೈರ್ಯವಾಗಿ ಮಾತಾಡ್ತಿದ್ದೆ. ಈಗ ಹೃದಯ ಸೋತಿದೆ. ಆದ್ರೂ ಬೇರೆ ದಾರಿ ಇಲ್ಲ. ಅವರಿಗೆ ಒಪ್ಪಿಸಿ. ಎರಡು ಲೀಟರ್ ನೀರು ತೆಗೆದ್ರೆ ಉಸಿರು ಸಲೀಸಾಗಬಹುದು. ಆಗಬಹುದು ಅಂದೆ, ಆಗುತ್ತೆ ಅನ್ನಲಿಲ್ಲ."

ಅಕ್ಕನನ್ನು ಅವನು ಮೊದಲು ದಾಟಿಯೇ ಹೋದ. ಮುಖ ಊದಿ ಬೇರೆ ಯಾರದೋ ಆಗಿತ್ತು. ಅವಳೇ ಕರೆದಳು.

"ಲೋ. ಇಲ್ಲಿ."

"ಅಕ್ಕ..."

"ಬಂದ್ಯಾ. ಯಾರದ್ದಾದ್ರೂ ಮದುವೆ ಇತ್ತಾ?"

"ಹೆಬ್ಬೆಟ್ಟು ಹೊಂದಲಿಲ್ಲ ಅಕ್ಕ. ನಾನು ಎಡಗೈ ಕೊಟ್ಟು ಬಲಗೈಗೆ ಎಲ್ಲ ಹಚ್ಚಿದೆ."

ಅವಳು ಕಣ್ಣು ಮುಚ್ಚಿ ಅದನ್ನು ಅರ್ಥ ಮಾಡಿಕೊಂಡಳು. ಬೇರೆಯವರಿಗೆ ಎಷ್ಟು ಹೊತ್ತು ಬೇಕಾಗುತ್ತಿತ್ತೋ, ಅವಳಿಗೆ ಎರಡು ಉಸಿರು ಸಾಕಾಯಿತು. ಆಮೇಲೆ ಹೊಟ್ಟೆ ಕುಲುಕಿತು. ನಗುತ್ತಿದ್ದಾಳೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ನರ್ಸ್ ಆಮ್ಲಜನಕದ ಕೊಳವೆ ಸರಿಪಡಿಸಿದರು.

"ನಿನ್ನ ಮೇಲೆ ಸಿಟ್ಟು ಮಾಡ್ಕೊಂಡು ಇಷ್ಟು ದಿನ ದಂಡ ಆಯ್ತಲ್ಲೋ," ಎಂದಳು. "ಎಲ್ಲಿ, ಆ ಕೈ ತೋರಿಸು." ಅವನು ಬಲಗೈ ಕೊಟ್ಟ. ಹೆಬ್ಬೆರಳೊಂದು ಬಿಟ್ಟು ಉಳಿದ ಅಂಗೈಯನ್ನು ಅವಳು ಸವರಿದಳು. "ಬೆಣ್ಣೆ ಆಗಿದೆ. ನಾನು ಸಾಯ್ತಾ ಇದೀನಿ, ನೀನು ಮದುಮಗ ಆಗ್ತಿದೀಯಾ."

"ಸಾಯಲ್ಲ ಅಕ್ಕ. ಡಯಾಲಿಸಿಸ್ ಹಾಕಿಸ್ಕೋ."

"ಹಾಕಿಸ್ಕೊಂಡ್ರೆ ಬದುಕ್ತೀನಾ?"

"ಬದುಕ್ತೀಯ."

ಅವಳು ಅವನ ಮುಖವನ್ನೇ ನೋಡಿದಳು. ಅವನು ಪಕ್ಕದ ಬಾಟಲಿಯನ್ನು ನೋಡಿದ, ಛಾವಣಿ ನೋಡಿದ, ಕೊನೆಗೆ ಅವಳನ್ನು ನೋಡಲೇಬೇಕಾಯಿತು.

"ಇಷ್ಟು ವಯಸ್ಸಾಯ್ತು, ಇನ್ನೂ ಬರಲಿಲ್ಲ ನಿನಗೆ," ಎಂದಳು ಅಕ್ಕ. ಬಹಳ ಮೆತ್ತಗೆ, ಅವನ ಅಂಗಿಯ ಗುಂಡಿ ಹಾಕುವಾಗ ಮಾತಾಡುತ್ತಿದ್ದ ದನಿಯಲ್ಲಿ. "ಇರಲಿ. ಹಾಕಲಿ. ಇಲ್ಲಾಂದ್ರೆ ನೀನು ಊರೆಲ್ಲ ಹೇಳ್ಕೊಂಡು ಅಳ್ತೀಯ, ನನ್ನ ಹೆಬ್ಬೆಟ್ಟಿಂದ ಹೋದಳು ಅಂತ. ಏನು, ಎಲ್ಲಿ ಒತ್ತಬೇಕು?"

ಪೆನ್ನು ಹಿಡಿಯಲು ಅವಳ ಬೆರಳುಗಳು ಮಡಿಯುತ್ತಿರಲಿಲ್ಲ. ನರ್ಸ್ ಶಾಯಿ ತಂದರು. ನೀರು ತುಂಬಿ ಬಿಗಿದಿದ್ದ ಹೆಬ್ಬೆರಳಿನಲ್ಲಿ ಗೆರೆಗಳು ಮಾಸಿದ್ದವು. ಕಾಗದದ ಮೇಲೆ ನುಣ್ಣನೆಯ ಒಂದು ನೀಲಿ ಮಚ್ಚೆ ಬಿತ್ತು, ಅಷ್ಟೆ. ಡಾಕ್ಟರ್ ಅಷ್ಟೇ ಸಾಕು ಎಂದರು.

ಯಂತ್ರ ಹಾಕಿದಾಗ ಅವನು ಮಂಚದ ಪಕ್ಕದಲ್ಲೇ ನಿಂತಿದ್ದ. ಅಕ್ಕ ಅವನ ಎಡಗೈಯನ್ನು ಹಿಡಿದುಕೊಂಡಿದ್ದಳು. ಆಗಾಗ ಅದರ ಬಿರುಕಿನ ಮೇಲೆ ಬೆರಳಾಡಿಸುತ್ತ ನಿದ್ದೆಗೆ ಜಾರುತ್ತಿದ್ದಳು. ಸ್ವಲ್ಪ ಹೊತ್ತಿಗೆ ರಕ್ತದೊತ್ತಡ ಇಳಿಯತೊಡಗಿತು. ನರ್ಸ್ ಓಡಿ ಬಂದರು, ಡಾಕ್ಟರ್ ಬಂದರು, ಯಾರೋ ಅವನನ್ನು ಬದಿಗೆ ಸರಿಸಿದರು. ಅವಳ ಹಿಡಿತ ಬಿಡಿಸಲು ಯಾರಿಗೂ ಕಷ್ಟವಾಗಲಿಲ್ಲ.

ಹೊರಗೆ ಹೆಂಡತಿ, ಸೋದರತ್ತೆ ಮತ್ತು ಪಾರ್ಲರ್ ಮೇಡಂ ಬೆಂಚಿನ ಮೇಲೆ ಒಂದೇ ಸಾಲಿನಲ್ಲಿ ಕೂತಿದ್ದರು. ಅತ್ತೆ ಎದ್ದು, "ನೀರು ತೆಗೆದ್ರಾ? ಎಷ್ಟು ಬಂತು?" ಎಂದು ಕೇಳಿದಳು. ಬೇರೆ ಏನು ಕೇಳಬೇಕೆಂದು ಆಕೆಗೆ ತೋಚಿರಲಿಲ್ಲ.

ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅಕ್ಕನ ಉಸಿರು ನಿಂತ ಮೇಲೆ ಯಂತ್ರ ನಿಲ್ಲಿಸಿದಾಗ ಅದರ ಪರದೆಯ ಮೇಲಿದ್ದದ್ದನ್ನೇ ಹೇಳಿದ. ನೂರ ಎಂಬತ್ತು ಮಿಲಿಲೀಟರ್.